ಹೊಸ ಸರಣಿ, ಮರಳಿ ಬಂದ ಸರಣಿ: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ಅಮೆರಿಕದ ಟಿವಿ ಡ್ರಾಮಾಗಳನ್ನೂ ಸೂಪರ್‌ಹೀರೊ ಸರಣಿಗಳನ್ನೂ ಹಲವು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಹೊಸ ಸರಣಿಯ ಮೊದಲ ಕಂತು ಬಹಳ ಚೆನ್ನಾಗಿರುತ್ತದೆ, ಐದಾರು ಕಂತು ಮುಗಿಯುವಷ್ಟರಲ್ಲಿ ಆಸಕ್ತಿ ಇಳಿದುಹೋಗುತ್ತದೆ. ಮೆಚ್ಚಿದ ಸರಣಿ ಮತ್ತೊಂದು ಸೀಸನ್‌ಗೆ ಬಂದಾಗ ಮೊದಲಿನ ಬಿಗಿ ಇರುವುದಿಲ್ಲ. ಸೂಪರ್‌ಹೀರೊ ಸರಣಿಗಳಲ್ಲಂತೂ ಇದು ಇನ್ನೂ ಹೆಚ್ಚು. ಇದಕ್ಕೆ ಕಾರಣವೇನು? ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನಿಸುವುದು ಹೇಗೆ?

ಉತ್ತರ: ನೀವು ಕೇಳಿರುವುದು ಮೇಲ್ನೋಟಕ್ಕೆ ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಅವುಗಳ ಬೇರು ಒಂದೇ ಎಂದು ನನಗೆ ತೋರುತ್ತದೆ. ಕಂತು ಕಂತಾಗಿ ಬರುವ ಕಥೆ ನಮ್ಮನ್ನು ಹಿಡಿದಿಡುವುದು ಒಂದು ನಂಬಿಕೆಯ ಬಲದಿಂದ: ಹಿಂದಿನ ಕಂತಿನಲ್ಲಿ ನಡೆದದ್ದು ಈ ಕಂತಿನಲ್ಲಿ ಪಾತ್ರಗಳ ಮೈಮೇಲೆ, ಮನಸ್ಸಿನಲ್ಲಿ, ಸಂಬಂಧಗಳಲ್ಲಿ ಹಾಗೆಯೇ ಉಳಿದಿದೆ ಎಂಬ ನಂಬಿಕೆ. ಅದು ಇರುವವರೆಗೆ ಇಬ್ಬರು ಅಡುಗೆಮನೆಯಲ್ಲಿ ನಿಂತು ಆಡುವ ಎರಡು ಮಾತಿಗೂ ತೂಕವಿರುತ್ತದೆ. ಬರೆಯುವವರು ತಮಗೆ ಬೇಕಾದಾಗ ನಡೆದದ್ದನ್ನು ಅಳಿಸತೊಡಗಿದರೆ ಸಾವಿಗೂ ತೂಕ ಉಳಿಯುವುದಿಲ್ಲ. ಸೂಪರ್‌ಹೀರೊ ಸರಣಿಗಳಲ್ಲಿ ಹೀಗೆ ಅಳಿಸಿಹಾಕಲು ಕಾಲಪ್ರಯಾಣ, ಸಮಾಂತರ ವಿಶ್ವ, ಸತ್ತವರನ್ನು ಬದುಕಿಸುವ ಕೊಳ ಮುಂತಾದ ಸಾಧನಗಳು ಕೈಗೆಟುಕುವಂತೆಯೇ ಇರುವುದರಿಂದ ಅಲ್ಲಿ ಈ ಕಾಯಿಲೆ ಬೇಗ ಕಾಣಿಸಿಕೊಳ್ಳುತ್ತದೆ. ಇದನ್ನು ಉದಾಹರಣೆಗಳಿಲ್ಲದೆ ವಿವರಿಸಲಾಗದು. ಹಾಗಾಗಿ ಕೆಲವು ಸರಣಿಗಳ ಮುಖ್ಯ ತಿರುವುಗಳನ್ನೂ ಅಂತ್ಯಗಳನ್ನೂ ಮುಂದೆ ಹೇಳಿದ್ದೇನೆ, ಇನ್ನೂ ನೋಡದವರು ದಯವಿಟ್ಟು ಗಮನಿಸಬೇಕು.

ಮೊದಲು ಮೊದಲ ಕಂತಿನ ಮಾತು. ಅಮೆರಿಕದ ದೊಡ್ಡ ವಾಹಿನಿಗಳ ಪದ್ಧತಿಯಲ್ಲಿ ಪೈಲಟ್ ಎಂದು ಕರೆಯುವ ಮೊದಲ ಕಂತಿನ ಮೊದಲ ಪ್ರೇಕ್ಷಕರು ಅದನ್ನು ಕೊಳ್ಳಬೇಕಾದ ಅಧಿಕಾರಿಗಳು. ಹಲವು ಪೈಲಟ್‌ಗಳನ್ನು ಚಿತ್ರೀಕರಿಸಿ, ಮೇ ತಿಂಗಳಲ್ಲಿ ಜಾಹೀರಾತುದಾರರ ಮುಂದೆ ಹೊಸ ಕಾರ್ಯಕ್ರಮಗಳ ಪಟ್ಟಿಯನ್ನು ಪ್ರಕಟಿಸುವ ಹೊತ್ತಿಗೆ ಅವುಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಳ್ಳುವ ವ್ಯವಸ್ಥೆ ದಶಕಗಳ ಕಾಲ ನಡೆದುಬಂದಿದೆ. ಹಾಗಾಗಿ ಪೈಲಟ್‌ಗೆ ಹೆಚ್ಚು ಹಣ, ಹೆಚ್ಚು ದಿನ, ಹೆಸರಾಂತ ನಿರ್ದೇಶಕರು ಸಿಗುತ್ತಾರೆ; 2004ರಲ್ಲಿ ಬಂದ 'ಲಾಸ್ಟ್' ಸರಣಿಯ ಪೈಲಟ್ ಆ ಕಾಲದ ಅತ್ಯಂತ ದುಬಾರಿ ಪೈಲಟ್‌ಗಳಲ್ಲಿ ಒಂದು. ನಂತರದ ಕಂತುಗಳನ್ನು ಸಾಮಾನ್ಯವಾಗಿ ಎಂಟು ದಿನಗಳ ಆಸುಪಾಸಿನಲ್ಲಿ ಚಿತ್ರೀಕರಿಸಿ ಮುಗಿಸಬೇಕಾಗುತ್ತದೆ. ಇದರ ಜೊತೆಗೆ, ವಾಹಿನಿಗಳು ಮೊದಲು 13 ಕಂತುಗಳಿಗೆ ಒಪ್ಪಿಗೆ ಕೊಟ್ಟು, ವೀಕ್ಷಕರ ಸಂಖ್ಯೆ ನೋಡಿಕೊಂಡು ಉಳಿದ 9 ಕಂತುಗಳನ್ನು ಸೇರಿಸುವುದು ರೂಢಿಯಾಗಿತ್ತು. ತನ್ನ ಕಥೆ 13ಕ್ಕೆ ಮುಗಿಯುತ್ತದೆಯೋ 22ಕ್ಕೋ ಎಂಬುದು ತಿಳಿಯದೆಯೇ ಬರಹಗಾರರ ತಂಡ ಕೆಲಸ ಆರಂಭಿಸಬೇಕಿತ್ತು. ನಿಮಗೆ ಐದಾರನೆಯ ಕಂತಿನ ಹೊತ್ತಿಗೆ ಬೇಸರ ಬರುತ್ತಿರುವುದು ನಿಮ್ಮ ತಾಳ್ಮೆಯ ಕೊರತೆಯಿಂದಲ್ಲ. ಸರಣಿ ಪ್ರತಿ ವಾರ ಏನು ಮಾಡಲಿದೆ ಎಂಬುದು ಗೊತ್ತಾಗುವುದೇ ಆ ಹೊತ್ತಿಗೆ. ಆದ್ದರಿಂದ ಪೈಲಟ್ ನೋಡಿ ಯಾವ ಸರಣಿಯನ್ನೂ ಮೆಚ್ಚಬೇಡಿ, ತಿರಸ್ಕರಿಸಲೂ ಬೇಡಿ. ಮೂರನೆಯ ಮತ್ತು ನಾಲ್ಕನೆಯ ಕಂತಿನಲ್ಲಿ ಪೈಲಟ್‌ನ ಘಟನೆಗಳು ಯಾರ ನಡವಳಿಕೆಯನ್ನಾದರೂ ಬದಲಿಸಿವೆಯೇ ಎಂದು ನೋಡಿ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹಿಂದಿನ ಕಾಲದ ಸೂಪರ್‌ಹೀರೊ ಸರಣಿಗಳಲ್ಲಿ ಕಂತಿನಿಂದ ಕಂತಿಗೆ ಏನೂ ಮುಂದುವರಿಯುತ್ತಿರಲಿಲ್ಲ, ಆದರೂ ಜನ ಪ್ರೀತಿಯಿಂದ ನೋಡಿದರು. ಇದು ನಿಜ, 1966ರಿಂದ 1968ರವರೆಗೆ ಬಂದ 'ಬ್ಯಾಟ್‌ಮ್ಯಾನ್' ಸರಣಿಯ 120 ಕಂತುಗಳನ್ನು ಯಾವ ಕ್ರಮದಲ್ಲಿ ನೋಡಿದರೂ ಹೆಚ್ಚೇನೂ ನಷ್ಟವಿಲ್ಲ. ಆದರೆ 1970ರ ದಶಕದ ಕೊನೆಯಲ್ಲಿ ಬಂದ 'ದಿ ಇನ್‌ಕ್ರೆಡಿಬಲ್ ಹಲ್ಕ್' ಅನ್ನು ಗಮನಿಸಿ. ಬಿಲ್ ಬಿಕ್ಸ್‌ಬಿ ಅಭಿನಯಿಸಿದ ಡೇವಿಡ್ ಬ್ಯಾನರ್ ಪ್ರತಿ ವಾರ ಹೊಸ ಊರಿಗೆ ಬರುತ್ತಾನೆ, ಯಾರಿಗೋ ನೆರವಾಗುತ್ತಾನೆ, ಕೋಪ ಅವನನ್ನು ದೈತ್ಯನನ್ನಾಗಿ ಮಾಡುತ್ತದೆ, ಕೊನೆಯಲ್ಲಿ ಅವನು ಚೀಲ ಹೆಗಲಿಗೇರಿಸಿ ಒಬ್ಬನೇ ರಸ್ತೆಗೆ ಇಳಿಯುತ್ತಾನೆ. ಕಥೆ ಮುಂದುವರಿಯದಿದ್ದರೂ ಪರಿಣಾಮ ಮುಂದುವರಿಯುತ್ತದೆ: ಅವನು ಎಲ್ಲಿಯೂ ನೆಲೆ ನಿಲ್ಲಲಾರ. ಪ್ರತಿ ಕಂತೂ ತನ್ನಷ್ಟಕ್ಕೆ ಮುಗಿಯುವುದು ದೋಷವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಈಗ ಹತ್ತಿರದ ಕಾಲಕ್ಕೆ ಬರೋಣ. ಬೇರೆಯವರ ಕಥೆಗಾಗಿ ಕಾಯಬೇಕಾದ ಸರಣಿಯ ಪಾಡು ಏನಾಗುತ್ತದೆ ಎಂಬುದನ್ನು 'ಏಜೆಂಟ್ಸ್ ಆಫ್ ಶೀಲ್ಡ್' ತೋರಿಸಿಕೊಟ್ಟಿತು. 2013ರ ಸೆಪ್ಟೆಂಬರ್ 24ರಂದು ಎಬಿಸಿ ವಾಹಿನಿಯಲ್ಲಿ ಆರಂಭವಾದ ಈ ಸರಣಿಯ ಕೇಂದ್ರದಲ್ಲಿ ಇದ್ದ ಗುಟ್ಟು ಒಂದು ಸಿನಿಮಾಕ್ಕೆ ಸೇರಿತ್ತು. ನಾಯಕರು ಕೆಲಸ ಮಾಡುವ ಶೀಲ್ಡ್ ಎಂಬ ಗುಪ್ತಚರ ಸಂಸ್ಥೆಯೊಳಗೆ ಶತ್ರುಗಳಾದ ಹೈಡ್ರಾ ಪಡೆ ಬಹುಕಾಲದಿಂದ ಬೇರುಬಿಟ್ಟಿದೆ ಎಂಬ ಸಂಗತಿಯನ್ನು ಮೊದಲು ಹೇಳುವ ಹಕ್ಕು 2014ರ ಏಪ್ರಿಲ್ 4ರಂದು ಅಮೆರಿಕದಲ್ಲಿ ಬಿಡುಗಡೆಯಾದ 'ಕ್ಯಾಪ್ಟನ್ ಅಮೆರಿಕ: ದಿ ವಿಂಟರ್ ಸೋಲ್ಜರ್' ಚಿತ್ರದ್ದಾಗಿತ್ತು. ಅಲ್ಲಿಯವರೆಗೆ ಸರಣಿ ಹದಿನಾರು ಕಂತುಗಳನ್ನು ಹೇಗಾದರೂ ತುಂಬಿಸಬೇಕಿತ್ತು. ವಾರಕ್ಕೊಂದು ವಿಚಿತ್ರ ವಸ್ತು, ವಾರಕ್ಕೊಬ್ಬ ಅಪರಿಚಿತ ಎಂಬಂತೆ ಅದು ತುಂಬಿಸಿತು, ಮತ್ತು ಬಹಳಷ್ಟು ವೀಕ್ಷಕರು ಆ ಅವಧಿಯಲ್ಲೇ ಕೈಬಿಟ್ಟರು. ಚಿತ್ರ ತೆರೆಕಂಡ ನಾಲ್ಕೇ ದಿನಕ್ಕೆ, ಏಪ್ರಿಲ್ 8ರಂದು ಬಂದ ಹದಿನೇಳನೆಯ ಕಂತಿನ ಕೊನೆಯಲ್ಲಿ ವಿಮಾನದೊಳಗೆ ಗ್ರ್ಯಾಂಟ್ ವಾರ್ಡ್ ಬಂದೂಕು ತೆಗೆದು ಜೊತೆಗಿದ್ದ ಶೀಲ್ಡ್ ಅಧಿಕಾರಿಗಳನ್ನೇ ಕೊಲ್ಲುತ್ತಾನೆ. ತಂಡದ ನಂಬಿಕಸ್ಥ, ಸ್ವಲ್ಪ ಸಪ್ಪೆ ಎನಿಸುತ್ತಿದ್ದ ಯೋಧ ಮೊದಲಿನಿಂದಲೂ ಹೈಡ್ರಾದವನು. ಆ ಕ್ಷಣದಲ್ಲಿ ಹಿಂದಿನ ಕಂತುಗಳ ಸಪ್ಪೆತನಕ್ಕೂ ಒಂದು ಅರ್ಥ ಬಂತು. ಇದಕ್ಕಿಂತಲೂ ನಾನು ಮೆಚ್ಚುವುದು ಅನಂತರ ಬರಹಗಾರರು ತೋರಿದ ದೃಢತೆಯನ್ನು. ವಾರ್ಡ್ ಪಾತ್ರಕ್ಕೆ ಅಭಿಮಾನಿಗಳಿದ್ದರು, ಅವನನ್ನು ಪಶ್ಚಾತ್ತಾಪಪಡಿಸಿ ತಂಡಕ್ಕೆ ಮರಳಿ ತರುವುದು ಸುಲಭದ ದಾರಿಯಾಗಿತ್ತು. ಅವರು ಹಾಗೆ ಮಾಡಲಿಲ್ಲ. ದ್ರೋಹ ದ್ರೋಹವಾಗಿಯೇ ಉಳಿಯಿತು, ಮೂರನೆಯ ಸೀಸನ್‌ನಲ್ಲಿ ಅದರ ಲೆಕ್ಕ ಚುಕ್ತಾ ಆಯಿತು. ಸರಣಿ ಏಳು ಸೀಸನ್‌ಗಳ ಕಾಲ, 136 ಕಂತುಗಳವರೆಗೆ ಉಳಿದುಕೊಂಡದ್ದಕ್ಕೆ ಇದೇ ಮುಖ್ಯ ಕಾರಣ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ವಿರುದ್ಧವಾಗಿ, ಎರಡನೆಯ ಕಂತಿನಲ್ಲೇ ತಾನು ಏನೆಂದು ಹೇಳಿಬಿಟ್ಟ ಸರಣಿ 2015ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಡೇರ್‌ಡೆವಿಲ್'. ಆ ಕಂತಿನ ಕೊನೆಯ ಕಾರಿಡಾರ್ ಹೊಡೆದಾಟದ ಬಗ್ಗೆ ಈಗಾಗಲೇ ಬಹಳ ಚರ್ಚೆಯಾಗಿದೆ. ಹೆಚ್ಚಿನವರು ಹೊಗಳುವುದು ಅದು ಒಂದೇ ಶಾಟ್‌ನಂತೆ ಸಾಗುತ್ತದೆ ಎಂಬ ತಾಂತ್ರಿಕ ಸಾಧನೆಯನ್ನು. ನನಗೆ ಮುಖ್ಯವೆನಿಸುವುದು ಬೇರೆ. ಕಂತಿನ ಆರಂಭದಲ್ಲಿ ನಾಯಕ ಮ್ಯಾಟ್ ಮರ್ಡಾಕ್ ಕಸದ ತೊಟ್ಟಿಯಲ್ಲಿ ಅರೆಜೀವವಾಗಿ ಬಿದ್ದಿರುತ್ತಾನೆ. ರೋಸಾರಿಯೊ ಡಾಸನ್ ಅಭಿನಯಿಸಿದ ನರ್ಸ್ ಕ್ಲೇರ್ ಅವನ ಗಾಯಗಳಿಗೆ ಆರೈಕೆ ಮಾಡುತ್ತಾಳೆ. ಅಪಹರಣಕ್ಕೊಳಗಾದ ಹುಡುಗನನ್ನು ಬಿಡಿಸಲು ಅವನು ಆ ಕಾರಿಡಾರಿಗೆ ಕಾಲಿಡುವಾಗ ಆ ಗಾಯಗಳೆಲ್ಲ ಮೈಮೇಲೆ ಇವೆ. ಕ್ಯಾಮೆರಾ ಕಾರಿಡಾರಿನಲ್ಲೇ ನಿಲ್ಲುತ್ತದೆ; ಅವನು ಪಕ್ಕದ ಕೋಣೆಗೆ ನುಗ್ಗಿದಾಗ ನಮಗೆ ಸದ್ದು ಮಾತ್ರ ಕೇಳುತ್ತದೆ, ಒಮ್ಮೆ ಒಳಗಿನಿಂದ ಮೈಕ್ರೋವೇವ್ ಒಂದು ಹಾರಿ ಬರುತ್ತದೆ. ಹೊಡೆದು ಬೀಳಿಸಿದವರು ಮತ್ತೆ ಎದ್ದು ಬರುತ್ತಾರೆ. ನಾಯಕ ಗೋಡೆಗೆ ಒರಗಿ ಉಸಿರೆಳೆದುಕೊಳ್ಳುತ್ತಾನೆ, ಕಾಲು ತಡವರಿಸುತ್ತದೆ, ಹೊಡೆತಗಳ ಗುರಿ ತಪ್ಪುತ್ತದೆ. ಸಾಮಾನ್ಯ ಸೂಪರ್‌ಹೀರೊ ಹೊಡೆದಾಟದಲ್ಲಿ ಹದಿನೈದನೆಯ ಗುದ್ದೂ ಮೊದಲ ಗುದ್ದಿನಷ್ಟೇ ಜೋರಾಗಿರುತ್ತದೆ. ಇಲ್ಲಿ ಪ್ರತಿಯೊಂದು ಗುದ್ದೂ ಹಿಂದಿನದನ್ನು ನೆನಪಿಟ್ಟುಕೊಂಡಿದೆ. ಇಡೀ ಸರಣಿಯ ನೀತಿ ಆ ಮೂರು ನಿಮಿಷಗಳಲ್ಲಿ ಅಡಗಿದೆ, ಮತ್ತು ಅದು ತನ್ನ 39 ಕಂತುಗಳಲ್ಲಿ ಬಹುಪಾಲು ಆ ನೀತಿಗೆ ಬದ್ಧವಾಗಿತ್ತು.

ನಿಮ್ಮ ಪ್ರಶ್ನೆಯ ಮರ್ಮಕ್ಕೆ ಅತ್ಯಂತ ಹತ್ತಿರದ ಉದಾಹರಣೆ 'ದಿ ಫ್ಲ್ಯಾಶ್'. 2014ರ ಅಕ್ಟೋಬರ್‌ನಲ್ಲಿ ಸಿಡಬ್ಲ್ಯೂ ವಾಹಿನಿಯಲ್ಲಿ ಆರಂಭವಾದ ಈ ಸರಣಿಯ ಮೊದಲ ಸೀಸನ್, ನೇರ ಮನಸ್ಸಿನ, ಹೃದಯವುಳ್ಳ ಸೂಪರ್‌ಹೀರೊ ಕಥೆ ಹೇಗಿರಬೇಕು ಎಂಬುದಕ್ಕೆ ಮಾದರಿ. ಬಾಲಕ ಬ್ಯಾರಿ ಆ್ಯಲೆನ್‌ನ ಕಣ್ಣೆದುರೇ ತಾಯಿಯ ಕೊಲೆಯಾಗಿದೆ, ಮಾಡದ ತಪ್ಪಿಗೆ ತಂದೆ ಜೈಲು ಸೇರಿದ್ದಾನೆ. ಇಪ್ಪತ್ಮೂರು ಕಂತುಗಳ ಉದ್ದಕ್ಕೂ ಅವನು ಓಡುವುದು ಆ ಒಂದು ರಾತ್ರಿಯ ಕಡೆಗೆ. 2015ರ ಮೇ ತಿಂಗಳಲ್ಲಿ ಬಂದ ಅಂತಿಮ ಕಂತಿನಲ್ಲಿ ಅವನು ಕಾಲವನ್ನು ದಾಟಿ ಆ ಮನೆಗೆ ಬಂದು ತಲುಪುತ್ತಾನೆ. ಬಾಗಿಲ ಹಿಂದೆ ನಿಂತು ಇಣುಕುತ್ತಾನೆ. ಆ ರಾತ್ರಿ ಅಲ್ಲೇ ಕಾದಾಡುತ್ತಿರುವ, ಇವನಿಗಿಂತ ಹಿರಿಯನಾದ ಇನ್ನೊಬ್ಬ ಬ್ಯಾರಿ ಇವನನ್ನು ಕಂಡು, ಬೇಡ ಎಂಬಂತೆ ತಲೆಯಾಡಿಸುತ್ತಾನೆ. ಬ್ಯಾರಿ ತಡೆಯುವುದಿಲ್ಲ. ಎಲ್ಲ ಮುಗಿದ ಮೇಲೆ ಒಳಗೆ ಹೋಗಿ, ಮುಖವಾಡ ಸರಿಸಿ, ಸಾಯುತ್ತಿರುವ ತಾಯಿಯ ಬಳಿ ಕೂತು, ತಾನೂ ಅಪ್ಪನೂ ಚೆನ್ನಾಗಿದ್ದೇವೆ ಎಂದು ಹೇಳುತ್ತಾನೆ. ಗ್ರ್ಯಾಂಟ್ ಗಸ್ಟಿನ್ ಅವರ ಅಭಿನಯ ಅಲ್ಲಿ ಎಷ್ಟು ನಿರಾಡಂಬರವಾಗಿದೆಯೆಂದರೆ, ವೇಗವೇ ಶಕ್ತಿಯಾದ ನಾಯಕನೊಬ್ಬ ಸುಮ್ಮನೆ ಕೂತಿರುವುದೇ ಆ ಸೀಸನ್‌ನ ಅತಿ ದೊಡ್ಡ ಸಾಹಸವಾಗಿ ಕಾಣುತ್ತದೆ.

ಒಂದು ವರ್ಷದ ನಂತರ, ಎರಡನೆಯ ಸೀಸನ್‌ನ ಕೊನೆಯಲ್ಲಿ ಅದೇ ಬ್ಯಾರಿ ಅದೇ ರಾತ್ರಿಗೆ ಮರಳಿ ತಾಯಿಯನ್ನು ಉಳಿಸುತ್ತಾನೆ. ತಂದೆಯ ಕೊಲೆಯಿಂದ ಕುಗ್ಗಿದವನು ಹಾಗೆ ಮಾಡುವುದು ಮಾನವ ಸಹಜವೇ. ಆದರೆ ಆ ನಿರ್ಧಾರಕ್ಕೆ ತೆರಬೇಕಾದ ಬೆಲೆಯನ್ನು ಸರಣಿ ತೆರಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಮೂರನೆಯ ಸೀಸನ್ ಆರಂಭವಾದಾಗ ಬದಲಾದ ಆ ಜಗತ್ತು ಬಾಳಿದ್ದು ಒಂದೇ ಕಂತು. ಬ್ಯಾರಿ ಮತ್ತೆ ಎಲ್ಲವನ್ನೂ ತಿರುಗಿಸಿ, ಅಲ್ಲಲ್ಲಿ ಕೆಲವು ವಿವರಗಳು ಬದಲಾದ ಹಳೆಯ ಜಗತ್ತಿಗೆ ಬಂದುಬಿಟ್ಟ. ಆ ಬದಲಾವಣೆಗಳಲ್ಲಿ ಒಂದು ಭಯಂಕರವಾದದ್ದು: ಇದೇ ಕಥಾಲೋಕಕ್ಕೆ ಸೇರಿದ 'ಆ್ಯರೋ' ಸರಣಿಯ ಡಿಗಲ್‌ನ ಮಗಳು ಇಲ್ಲವಾಗಿ ಆ ಜಾಗದಲ್ಲಿ ಒಬ್ಬ ಮಗ ಇದ್ದ. ಒಂದು ಮಗು ಹುಟ್ಟಿಯೇ ಇಲ್ಲ ಎಂದಾಗುವುದಕ್ಕಿಂತ ದೊಡ್ಡ ಅಪರಾಧ ಯಾವುದಿದೆ? ಗಂಭೀರ ಡ್ರಾಮಾ ಅದೊಂದನ್ನೇ ಹಿಡಿದು ಇಡೀ ಸೀಸನ್ ಕಟ್ಟುತ್ತಿತ್ತು. ಇಲ್ಲಿ ಅದು ಕೆಲವು ದೃಶ್ಯಗಳ ಬೇಸರವಾಗಿ ಬಂದು ಹೋಯಿತು. ಇದಾದ ಮೇಲೂ ಸರಣಿ 2023ರವರೆಗೆ, ಒಂಬತ್ತು ಸೀಸನ್ ನಡೆಯಿತು. ಒಳ್ಳೆಯ ಕಂತುಗಳೂ ಬಂದವು. ಆದರೆ ಮೊದಲ ಸೀಸನ್‌ನ ಆ ತಾಯಿ ಮಗನ ದೃಶ್ಯವನ್ನು ಈಗ ನೋಡುವಾಗ, ಅದನ್ನು ಮುಂದೆ ಅಳಿಸಲಾಗಿದೆ ಎಂಬ ಅರಿವು ಬೆನ್ನಿಗೆ ಬರುತ್ತದೆ. ಮರಳಿ ಬಂದ ಸೀಸನ್ ಕೆಟ್ಟದಾದರೆ ಅದರ ಪಾಡಿಗೆ ಅದು ಕೆಟ್ಟಿತು ಎಂದು ಬಿಟ್ಟುಬಿಡಬಹುದು. ಹಿಂದಿನ ಸೀಸನ್ ಗಳಿಸಿದ್ದನ್ನೂ ಅದು ಕಿತ್ತುಕೊಳ್ಳುವುದನ್ನು ಕ್ಷಮಿಸುವುದು ಕಷ್ಟ.

ಹೀಗಾಗುವುದು ಬರಹಗಾರರಿಗೆ ಪ್ರತಿಭೆ ಇಲ್ಲದ್ದರಿಂದ ಎಂದು ನಾನು ಹೇಳಲಾರೆ. ವ್ಯಾಪಾರದ ಒತ್ತಡ ಬಹಳ ಬಾರಿ ಕಥೆಯ ಒಳಗೇ ಕಾಣುತ್ತದೆ. 'ಆ್ಯರೋ'ದ ಮೂರನೆಯ ಸೀಸನ್‌ನ ಮೊದಲ ಕಂತಿನಲ್ಲಿ, 2014ರ ಅಕ್ಟೋಬರ್‌ನಲ್ಲಿ, ಸಾರಾ ಲ್ಯಾನ್ಸ್ ಬಾಣಗಳಿಗೆ ಬಲಿಯಾಗುತ್ತಾಳೆ. ಅಕ್ಕ ಲಾರೆಲ್ ಆ ದುಃಖದಿಂದಲೇ ತಂಗಿಯ ಉಡುಪು ತೊಟ್ಟು ಹೋರಾಟಗಾರ್ತಿಯಾಗುತ್ತಾಳೆ. ಮರುವರ್ಷ ಸಾರಾಳನ್ನು ಲಾಜರಸ್ ಕೊಳದಲ್ಲಿ ಮುಳುಗಿಸಿ ಬದುಕಿಸಲಾಗುತ್ತದೆ, ಮತ್ತು 2016ರ ಜನವರಿಯಲ್ಲಿ 'ಲೆಜೆಂಡ್ಸ್ ಆಫ್ ಟುಮಾರೊ' ಎಂಬ ಹೊಸ ಸರಣಿ ಆರಂಭವಾದಾಗ ಅವಳು ಅದರ ಮುಖ್ಯ ಪಾತ್ರಗಳಲ್ಲಿ ಒಬ್ಬಳು. ಕೈಟಿ ಲಾಟ್ಸ್ ಅಲ್ಲಿ ಸೊಗಸಾಗಿ ಅಭಿನಯಿಸಿದರು. ಆದರೆ ಅಕ್ಕನ ಕಥೆಗೆ ಆಧಾರವಾಗಿದ್ದ ಸಾವು ಹೊಸ ಸರಣಿಯ ಅಗತ್ಯಕ್ಕೆ ಹೋಯಿತು. 'ಹೀರೋಸ್' ಸರಣಿಯದ್ದೂ ಇದೇ ಜಾತಿಯ ಕಥೆ. 2006ರಲ್ಲಿ ಎನ್‌ಬಿಸಿಯಲ್ಲಿ ಬಂದ ಅದರ ಮೊದಲ ಸೀಸನ್ ಪೂರ್ತಿ ಸೈಲರ್ ಎಂಬ ಕೊಲೆಗಾರನನ್ನು ತಡೆಯುವತ್ತ ಸಾಗಿತ್ತು. ಕೊನೆಯಲ್ಲಿ ಕತ್ತಿ ಎದೆಗಿಳಿದರೂ ಅವನು ಸಾಯಲಿಲ್ಲ, ಏಕೆಂದರೆ ಜಕರಿ ಕ್ವಿಂಟೊ ಅವರನ್ನು ಕಳೆದುಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ ಎಂದು ನಾನು ಓದುತ್ತೇನೆ. ಎರಡನೆಯ ಸೀಸನ್ 2007ರ ನವೆಂಬರ್‌ನಲ್ಲಿ ಆರಂಭವಾದ ಬರಹಗಾರರ ಮುಷ್ಕರದಿಂದ 11 ಕಂತುಗಳಿಗೇ ನಿಂತಿತು. ಸರಣಿಯ ಕುಸಿತಕ್ಕೆ ಮುಷ್ಕರವನ್ನೇ ಎಲ್ಲರೂ ದೂರುತ್ತಾರೆ. ಆದರೆ ಮುಗಿದ ಕಥೆಯನ್ನು ಮುಗಿಯಲು ಬಿಡದಿದ್ದದ್ದು ಅದಕ್ಕಿಂತ ಮೊದಲಿನ ಪೆಟ್ಟು.

ಬಹಳ ವರ್ಷಗಳ ನಂತರ ಮರಳಿದ ಡ್ರಾಮಾಗಳಲ್ಲಿಯೂ ಇದೇ ಅಳತೆಗೋಲು ನಿಲ್ಲುತ್ತದೆ. 2002ರಲ್ಲಿ ಮುಗಿದಿದ್ದ 'ದಿ ಎಕ್ಸ್-ಫೈಲ್ಸ್' 2016ರಲ್ಲಿ ಆರು ಕಂತುಗಳೊಂದಿಗೆ ಮರಳಿತು. ಅದರ ಕೊನೆಯ ಕಂತಿನಲ್ಲಿ ಜಗತ್ತಿಗೇ ಮಹಾಮಾರಿ ಹಬ್ಬಿ, ನಾಯಕ ಮುಲ್ಡರ್ ಸಾವಿನಂಚಿನಲ್ಲಿದ್ದು, ಆಕಾಶದಲ್ಲಿ ನೌಕೆಯೊಂದು ಕಾಣಿಸಿಕೊಳ್ಳುವಲ್ಲಿಗೆ ಕಥೆ ನಿಂತಿತ್ತು. ವೀಕ್ಷಕರು ಸುಮಾರು ಎರಡು ವರ್ಷ ಕಾದರು. 2018ರ ಜನವರಿಯಲ್ಲಿ ಮುಂದಿನ ಸೀಸನ್ ಆರಂಭವಾದಾಗ ಅದೆಲ್ಲವೂ ಅವನ ಜೊತೆಗಾರ್ತಿ ಸ್ಕಲಿಗೆ ಕಂಡ ಮುನ್ಸೂಚನೆ ಎಂದು ತಿಳಿಯಿತು. ಕಾದವರ ಎರಡು ವರ್ಷಗಳಿಗೆ ಇದು ತೋರಿದ ಅಗೌರವವನ್ನು ಆ ಸೀಸನ್‌ಗಳ ಚೆನ್ನಾದ ಬಿಡಿ ಕಂತುಗಳೂ, ಅಂಥವು ನಿಜಕ್ಕೂ ಇವೆ, ತುಂಬಿಕೊಡಲಾರವು.

ಇದರ ಪಕ್ಕದಲ್ಲಿ 2017ರ 'ಟ್ವಿನ್ ಪೀಕ್ಸ್' ಅನ್ನು ಇಟ್ಟು ನೋಡಿ. 1991ರಲ್ಲಿ ನಿಂತುಹೋಗಿದ್ದ ಸರಣಿಯನ್ನು ಡೇವಿಡ್ ಲಿಂಚ್ 18 ಕಂತುಗಳಲ್ಲಿ, ಎಲ್ಲವನ್ನೂ ತಾವೇ ನಿರ್ದೇಶಿಸಿ, ಮರಳಿ ತಂದರು. ಹಳೆಯ ಪ್ರೀತಿಯನ್ನು ಹಾಗೆಯೇ ಬಿಸಿ ಮಾಡಿ ಬಡಿಸಲು ಅವರು ಒಪ್ಪಲಿಲ್ಲ. ವೀಕ್ಷಕರು ಕಾಯುತ್ತಿದ್ದ ನಾಯಕ ಕೂಪರ್ ತನ್ನ ನಿಜರೂಪದಲ್ಲಿ ಎಚ್ಚರಗೊಳ್ಳಲು ಹದಿನಾರನೆಯ ಕಂತು ಬರಬೇಕಾಯಿತು. ಕಳೆದ ಇಪ್ಪತ್ತೈದು ವರ್ಷಗಳನ್ನು ಆ ಸರಣಿ ಮುಚ್ಚಿಡುವುದಿಲ್ಲ. ಮರದ ಕೊರಡನ್ನು ಸದಾ ಅಪ್ಪಿಕೊಂಡಿರುವ ಮಹಿಳೆಯ ಪಾತ್ರ ಮಾಡಿದ ಕ್ಯಾಥರೀನ್ ಕೌಲ್ಸನ್ ತೀವ್ರ ಅನಾರೋಗ್ಯದಲ್ಲಿಯೇ ತಮ್ಮ ದೃಶ್ಯಗಳಲ್ಲಿ ಅಭಿನಯಿಸಿ, 2015ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಆ ದೃಶ್ಯಗಳಲ್ಲಿ ಅವರು ತಮ್ಮ ಮನೆಯಲ್ಲಿ ಕೂತು, ಪೊಲೀಸ್ ಅಧಿಕಾರಿ ಹಾಕ್ ಜೊತೆ ದೂರವಾಣಿಯಲ್ಲಿ ಮಾತನಾಡುತ್ತಾರೆ. ಕೂದಲು ಉದುರಿದ ತಲೆ, ಕ್ಷೀಣಿಸಿದ ಧ್ವನಿ, ಯಾವುದನ್ನೂ ಮರೆಮಾಚಿಲ್ಲ. ಹದಿನೈದನೆಯ ಕಂತಿನಲ್ಲಿ ಅವರು ತಾನು ಸಾಯುತ್ತಿದ್ದೇನೆ ಎಂದು ಹಾಕ್‌ಗೆ ಹೇಳುತ್ತಾರೆ. ಹಾಕ್ ಶುಭರಾತ್ರಿ ಹೇಳುತ್ತಾನೆ. ಮರಳಿ ಬರುವ ಸರಣಿ ತನ್ನ ವೀಕ್ಷಕರಿಗೆ ಕೊಡಬಹುದಾದ ಪ್ರಾಮಾಣಿಕತೆಯ ಎತ್ತರ ಇದು.

ಮರುವರ್ಷವೇ ಬರುವ ಸೀಸನ್‌ಗಳಲ್ಲಿ ಹಿಂದಿನದಕ್ಕಿಂತ ಉತ್ತಮವಾದವೂ ಇವೆ, ಹಾಗಾಗಿ ನಿರಾಶರಾಗಬೇಕಾಗಿಲ್ಲ. 'ದಿ ಲೆಫ್ಟೋವರ್ಸ್' 2015ರ ತನ್ನ ಎರಡನೆಯ ಸೀಸನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಊರನ್ನು ಬಿಟ್ಟು ಟೆಕ್ಸಸ್‌ನ ಊರಿಗೆ ಹೋಯಿತು, ಹೊಸ ಕುಟುಂಬವೊಂದನ್ನು ಕಥೆಯ ಮಧ್ಯಕ್ಕೆ ತಂದಿತು. ಆದರೆ ಮೊದಲ ಸೀಸನ್‌ನಲ್ಲಿ ನಾಯಕ ಕೆವಿನ್‌ನ ಕಣ್ಣೆದುರು ಪ್ರಾಣ ಕಳೆದುಕೊಂಡ ಪ್ಯಾಟಿ ಅವನ ಜೊತೆಯಲ್ಲೇ ಬಂದಳು; ಊರು ಬದಲಾದರೂ ಅವಳು ಅವನ ಪಕ್ಕದಲ್ಲಿ ಕೂತು ಮಾತನಾಡುವುದನ್ನು ಬಿಡಲಿಲ್ಲ. 'ಹಾಲ್ಟ್ ಆ್ಯಂಡ್ ಕ್ಯಾಚ್ ಫೈರ್' ಕೂಡ ಹಾಗೆಯೇ. ಮಾತಿನಮಲ್ಲ ಜೋ ಮ್ಯಾಕ್‌ಮಿಲನ್‌ನ ಸುತ್ತ ತಿರುಗುತ್ತಿದ್ದ ಕಂಪ್ಯೂಟರ್ ಉದ್ಯಮದ ಕಥೆ, ಎರಡನೆಯ ಸೀಸನ್‌ನಲ್ಲಿ ಡೊನಾ ಮತ್ತು ಕ್ಯಾಮರನ್ ಎಂಬ ಇಬ್ಬರು ಹೆಣ್ಣುಮಕ್ಕಳು ಕಟ್ಟುವ ಕಂಪನಿಯ ಕಥೆಯಾಯಿತು. ಹಿಂದಿನ ಸೀಸನ್‌ನ ಜಗಳ, ಸೋಲು, ಸಾಲ ಯಾವುದನ್ನೂ ಅದು ಮರೆಯಲಿಲ್ಲ. ಎರಡೂ ಸರಣಿಗಳಿಗೆ ವೀಕ್ಷಕರು ಕಡಿಮೆ ಇದ್ದರು. ಒಂದು 28 ಕಂತುಗಳಿಗೆ, ಇನ್ನೊಂದು 40 ಕಂತುಗಳಿಗೆ, ತಾವು ಬಯಸಿದಂತೆಯೇ ಮುಗಿದವು. ಯಾವಾಗ ಮುಗಿಯುತ್ತೇವೆ ಎಂದು ತಿಳಿದಿರುವ ಸರಣಿ ಘಟನೆಗಳನ್ನು ಅಳಿಸುವ ಅಗತ್ಯಕ್ಕೆ ಬೀಳುವುದಿಲ್ಲ.

ಒಟಿಟಿ ವೇದಿಕೆಗಳು ಬಂದಮೇಲೆ ಸಮಸ್ಯೆಯ ರೂಪ ಬದಲಾಗಿದೆ. ಈಗ ಸೀಸನ್‌ಗೆ ಎಂಟರಿಂದ ಹತ್ತು ಕಂತು, ಸೀಸನ್‌ಗಳ ನಡುವೆ ಎರಡು ಮೂರು ವರ್ಷ. 'ಸೆವರೆನ್ಸ್' ಮೊದಲ ಸೀಸನ್ 2022ರ ಏಪ್ರಿಲ್‌ನಲ್ಲಿ ಅತ್ಯಂತ ಬಿಗಿಯಾದ ತಿರುವಿನಲ್ಲಿ ನಿಂತಿತು, ಮುಂದಿನದು ಬಂದದ್ದು 2025ರ ಜನವರಿಯಲ್ಲಿ. ಇದರಲ್ಲಿ 2023ರ ಬರಹಗಾರರ ಮತ್ತು ನಟರ ಮುಷ್ಕರಗಳ ಪಾಲೂ ಇದೆ. ಆದರೆ ಪರಿಣಾಮವನ್ನು ಉಳಿಸಿಕೊಳ್ಳುವ ಕೆಲಸ ಕಥೆಯಿಂದ ವೀಕ್ಷಕರ ನೆನಪಿಗೆ ವರ್ಗವಾಗಿದೆ ಎಂಬುದಂತೂ ನಿಜ. ಇನ್ನೊಂದು ನಷ್ಟದ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. 22 ಕಂತುಗಳ ಸೀಸನ್‌ನಲ್ಲಿ ಭರ್ತಿ ಕಂತುಗಳೆಂದು ನಾವು ಬೈಯುತ್ತಿದ್ದ ಕಂತುಗಳೇ ಪಾತ್ರಗಳ ಸಾಧಾರಣ ದಿನಗಳನ್ನು ತೋರಿಸುತ್ತಿದ್ದವು. ಸಾಧಾರಣ ದಿನ ಹೇಗಿತ್ತೆಂದು ಗೊತ್ತಿಲ್ಲದಿದ್ದರೆ ಅದು ಮುರಿದದ್ದು ನಮಗೆ ಹೇಗೆ ತಟ್ಟಬೇಕು? ಎಂಟು ಗಂಟೆಯ ಒಂದೇ ಸಿನಿಮಾದಂತೆ ಬರೆದ ಅನೇಕ ಸರಣಿಗಳು ನಡುವಿನಲ್ಲಿ ಜೋಲುವುದು ಇದರಿಂದಲೇ.

ಹಾಗಿದ್ದರೂ ಚಿಕ್ಕ ಸೀಸನ್‌ನಿಂದ ಸೂಪರ್‌ಹೀರೊ ಕಥೆಗೆ ಒಂದು ದೊಡ್ಡ ಉಪಕಾರವಾಗಿದೆ: ಅದು ಮುಗಿಯಬಹುದು. 2019ರ 'ವಾಚ್‌ಮೆನ್' 1921ರಲ್ಲಿ ಟಲ್ಸಾ ನಗರದಲ್ಲಿ ಕಪ್ಪು ಜನರ ಮೇಲೆ ನಡೆದ ಹತ್ಯಾಕಾಂಡದಿಂದ ಆರಂಭವಾಗಿ, ಅಂದು ನಡೆದದ್ದು ನೂರು ವರ್ಷಗಳ ನಂತರವೂ ಒಂದು ಕುಟುಂಬದ ರಕ್ತದಲ್ಲಿ ಹೇಗೆ ಹರಿಯುತ್ತಿದೆ ಎಂಬುದನ್ನು ಒಂಬತ್ತು ಕಂತುಗಳಲ್ಲಿ ಹೇಳಿ ಮುಗಿಸಿತು. ಅದಕ್ಕೆ 11 ಎಮ್ಮಿ ಪ್ರಶಸ್ತಿಗಳು ಬಂದ ಮೇಲೂ ಎರಡನೆಯ ಸೀಸನ್ ಬರಲಿಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ಬರಬಾರದು. 2024ರ 'ದಿ ಪೆಂಗ್ವಿನ್' ಎಂಟು ಕಂತುಗಳಲ್ಲಿ, ಬ್ಯಾಟ್‌ಮ್ಯಾನ್‌ನನ್ನು ತೆರೆಗೇ ತರದೆ, ಗಾಥಮ್‌ನ ಆಜ್ ಎಂಬ ಒಬ್ಬ ಅಪರಾಧಿಯ ಏಳಿಗೆಯನ್ನು ಹೇಳಿತು. ತನ್ನನ್ನು ನಂಬಿ ಬಂದ ಹುಡುಗ ವಿಕ್ಟರ್‌ನನ್ನು ಆಜ್ ಕೊನೆಯಲ್ಲಿ ತನ್ನ ಕೈಯಿಂದಲೇ ಕೊಲ್ಲುತ್ತಾನೆ. ಅಲ್ಲಿಯವರೆಗೆ ಅವನ ಬಗ್ಗೆ ನಮ್ಮಲ್ಲಿ ಬೆಳೆದಿದ್ದ ಮೃದುಭಾವಕ್ಕೆ ಉತ್ತರ ಕೊಡಬೇಕಾದವರು ನಾವೇ ಆಗುತ್ತೇವೆ.

ಆದರೂ ವಾಹಿನಿಯ ಹಳೆಯ ಪದ್ಧತಿಯಲ್ಲೇ ಬಂದ 'ಸೂಪರ್‌ಮ್ಯಾನ್ ಆ್ಯಂಡ್ ಲೋಯಿಸ್' ಬಗ್ಗೆ ಹೇಳದಿದ್ದರೆ ಈ ಉತ್ತರ ಅಪೂರ್ಣ. 2021ರಿಂದ 2024ರವರೆಗೆ ನಾಲ್ಕು ಸೀಸನ್ ನಡೆದ ಇದರಲ್ಲಿ ಸೂಪರ್‌ಮ್ಯಾನ್‌ಗೆ ಹದಿಹರೆಯದ ಇಬ್ಬರು ಮಕ್ಕಳು, ಹಳ್ಳಿಯ ಮನೆ, ಪತ್ರಕರ್ತೆ ಹೆಂಡತಿ. ಕೊನೆಯ ಸೀಸನ್‌ನ ಆರಂಭದಲ್ಲಿ ಡೂಮ್ಸ್‌ಡೇ ಎಂಬ ದೈತ್ಯ ಅವನನ್ನು ಕೊಲ್ಲುತ್ತಾನೆ. ಅವನು ಬದುಕಿ ಬರುತ್ತಾನೆಂಬುದು ಯಾರಿಗಾದರೂ ಗೊತ್ತು, ಬಂದೂ ಬರುತ್ತಾನೆ. ಆದರೆ ಎದೆಯಲ್ಲಿ ಬಡಿಯುತ್ತಿರುವುದು ಮಾವ ಸ್ಯಾಮ್ ಲೇನ್ ಬಿಟ್ಟುಹೋದ ಮನುಷ್ಯ ಹೃದಯ. ಅಲ್ಲಿಂದ ಮುಂದೆ ಅವನಿಗೆ ವಯಸ್ಸಾಗುತ್ತದೆ, ಶಕ್ತಿ ಕುಂದುತ್ತದೆ. ಅಂತಿಮ ಕಂತಿನ ಕೊನೆಯ ಭಾಗ ಮುಂದಿನ ದಶಕಗಳನ್ನು ದಾಟಿ, ಮೊದಲು ಲೋಯಿಸ್‌ಳ ಸಾವನ್ನೂ ನಂತರ ಅವನ ಸಾವನ್ನೂ ತೋರಿಸುತ್ತದೆ. ಸತ್ತವರನ್ನು ಬದುಕಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ ಎಂಬುದಕ್ಕೆ ಈ ಸರಣಿಯೇ ಸಾಕ್ಷಿ. ಬದುಕಿಸಿದ್ದಕ್ಕೆ ಬೆಲೆ ಕೊಡಿ ಎಂಬುದಷ್ಟೇ ನನ್ನ ಆಗ್ರಹ, ಮತ್ತು ಟೈಲರ್ ಹೆಕ್ಲಿನ್, ಎಲಿಜಬೆತ್ ಟಲಕ್ ಅವರ ಮುಖಗಳ ಮೇಲೆ ಆ ಬೆಲೆ ಕಾಣುತ್ತದೆ.

ಇನ್ನು ನಿಮ್ಮ ಪ್ರಶ್ನೆಯ ಕೊನೆಯ ಭಾಗ. 'ದಿ ಫ್ಲ್ಯಾಶ್' ನೋಡದವರಿಗೆ ನಾನು ಮೊದಲ ಸೀಸನ್‌ನ 23 ಕಂತು ನೋಡಿ ನಿಲ್ಲಿಸಿ ಎನ್ನುತ್ತೇನೆ. ಕೊನೆಯ ನಿಮಿಷದ ತೂಗುಗತ್ತಿಯನ್ನು ಮರೆತರೆ ಅದು ಪೂರ್ಣವಾದ ಕಥೆ. 'ಏಜೆಂಟ್ಸ್ ಆಫ್ ಶೀಲ್ಡ್' ಅನ್ನು ಹಿಂದೆ ಕೈಬಿಟ್ಟಿದ್ದರೆ ಹದಿನೇಳನೆಯ ಕಂತಿನವರೆಗೆ ತಾಳಿಕೊಳ್ಳಿ, ಅದರ ನಾಲ್ಕನೆಯ ಸೀಸನ್ ಆ ತಾಳ್ಮೆಗೆ ಪ್ರತಿಫಲ ಕೊಡುತ್ತದೆ. 'ಹೀರೋಸ್' ಒಂದು ಸೀಸನ್ ಸಾಕು. 'ದಿ ಲೆಫ್ಟೋವರ್ಸ್' ಮೊದಲ ಸೀಸನ್‌ನ ಭಾರಕ್ಕೆ ಹೆದರಿ ನಿಲ್ಲಿಸಬೇಡಿ. ಮರಳಿ ಬಂದವುಗಳಲ್ಲಿ 2025ರ 'ಡೇರ್‌ಡೆವಿಲ್: ಬಾರ್ನ್ ಅಗೇನ್' ಬಗ್ಗೆ ನನ್ನ ಅಭಿಪ್ರಾಯ ಮಿಶ್ರವಾದದ್ದು. ಚಿತ್ರೀಕರಣದ ನಡುವೆ ಮುಷ್ಕರದಿಂದ ಕೆಲಸ ನಿಂತಾಗ ಬರಹಗಾರರ ತಂಡವನ್ನೇ ಬದಲಿಸಲಾಯಿತು. ಒಂಬತ್ತು ಕಂತುಗಳಲ್ಲಿ ಮೊದಲನೆಯದು ಮತ್ತು ಕೊನೆಯ ಎರಡು ಒಂದು ಧಾಟಿಯಲ್ಲಿ, ನಡುವಿನವು ಇನ್ನೊಂದು ಧಾಟಿಯಲ್ಲಿ ಇರುವುದು ಎದ್ದು ಕಾಣುತ್ತದೆ. ಆದರೆ ಆರಂಭದ ಕೆಲವೇ ನಿಮಿಷಗಳಲ್ಲಿ ಮ್ಯಾಟ್‌ನ ಆತ್ಮೀಯ ಗೆಳೆಯ ಫಾಗಿ ಕೊಲೆಯಾಗುತ್ತಾನೆ, ಆ ಸಾವಿನ ನಂತರ ಮ್ಯಾಟ್ ಮುಖವಾಡ ತೆಗೆದಿಡುತ್ತಾನೆ, ಮತ್ತೆ ತೊಡಲು ಅವನು ಪಡುವ ಹಿಂಜರಿಕೆಯನ್ನು ಸರಣಿ ಅವಸರಪಡಿಸುವುದಿಲ್ಲ. ಅದೊಂದು ಕಾರಣಕ್ಕೆ ನಾನು ಅದನ್ನು ಮುಂದುವರಿಸಿ ನೋಡುತ್ತೇನೆ; ಫಾಗಿಯನ್ನು ಯಾವುದಾದರೂ ಉಪಾಯದಿಂದ ಬದುಕಿಸಿ ತಂದ ದಿನ ಬಿಟ್ಟುಬಿಡುತ್ತೇನೆ.